ಕೊಳವೆಬಾವಿಯ ಯುರೇನಿಯಂಗೆ ಕೋಲಾರ ಯಾಕೆ ಹೆದರುತ್ತಿಲ್ಲ?

2012ರ ನವೆಂಬರ್‌ನಲ್ಲಿ ಕೂಡಂಕುಳಂ ಅಣುಸ್ಥಾವರದ ವಿರುದ್ಧದ ಅರ್ಜಿ ಸುಪ್ರೀಂ ಕೋರ್ಟ್ ಮುಂದಿತ್ತು. ಸ್ಥಾವರದಲ್ಲಿ ಉಳಿಯುವ ವಿಕಿರಣ ತ್ಯಾಜ್ಯವನ್ನು ಕೊನೆಗೆ ಎಲ್ಲಿಡುತ್ತೀರಿ ಎಂಬ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಬಂದ ಉತ್ತರದಲ್ಲಿ ಕೋಲಾರದ ಚಿನ್ನದ ಗಣಿಯ ಹೆಸರು ಸೇರಿಕೊಂಡಿತ್ತು. ಸುದ್ದಿ ಪತ್ರಿಕೆಗಳಲ್ಲಿ ಬಂದ ಕೂಡಲೇ ಗಣಿಯ ಊರಾದ ಕೆಜಿಎಫ್ ಹೊತ್ತಿಕೊಂಡಿತು. ಪಕ್ಷಭೇದವಿಲ್ಲದೆ ಜನ ಬೀದಿಗಿಳಿದರು. ತಮ್ಮ ಕಾಲ ಕೆಳಗೆ ಅಣುಕಸ ತುಂಬುತ್ತಾರೆಂಬ ಮಾತು ಜಿಲ್ಲೆಯ ಉದ್ದಗಲಕ್ಕೂ ಹರಡಿತು. ಕೆಲವೇ ದಿನಗಳಲ್ಲಿ ಅಣುಶಕ್ತಿ ಇಲಾಖೆ ಅಂಥ ಯೋಜನೆಯೇ ಇಲ್ಲವೆಂದು ಸ್ಪಷ್ಟನೆ ಕೊಟ್ಟಿತು. ಹಿಂದೆ ನಡೆದದ್ದು ಇಷ್ಟೇ: 1980ರ ದಶಕದಲ್ಲಿ ಗಣಿಯ ಬಳಕೆಯಲ್ಲಿಲ್ಲದ ಒಂದು ಭಾಗದಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ವಿದ್ಯುತ್ ಹೀಟರುಗಳಿಂದ ಬಂಡೆಯನ್ನು ಕಾಯಿಸಿ ಅದು ಶಾಖವನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ನೋಡಲಾಗಿತ್ತು. ವಿಕಿರಣ ವಸ್ತುವನ್ನು ಅಲ್ಲಿಗೆ ಒಯ್ದೇ ಇರಲಿಲ್ಲ.

ಅದಕ್ಕೆ ನಾಲ್ಕು ವರ್ಷ ಮೊದಲು, 2008ರಲ್ಲಿ, ಇದೇ ಜಿಲ್ಲೆಯ ಬಗ್ಗೆ ಇನ್ನೊಂದು ಬರಹ ಪ್ರಕಟವಾಗಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಆರ್.ಕೆ. ಸೋಮಶೇಖರ್ ಅವರೂ ಸೇರಿದಂತೆ ಕೆಲವು ಸಂಶೋಧಕರು ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಯುರೇನಿಯಂ ಎಷ್ಟಿದೆಯೆಂದು ಅಳೆದಿದ್ದರು. ಲೀಟರ್‌ಗೆ 0.3 ಮೈಕ್ರೋಗ್ರಾಂನಿಂದ ಹಿಡಿದು 1442.9 ಮೈಕ್ರೋಗ್ರಾಂವರೆಗೆ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ 30. ಅಂದರೆ ಅತಿ ಹೆಚ್ಚು ಕಂಡ ಕಡೆ ಮಿತಿಯ ನಲವತ್ತೆಂಟು ಪಟ್ಟು. ಆ ಬರಹಕ್ಕೆ ಒಂದು ಅಂಗಡಿಯೂ ಬಾಗಿಲು ಹಾಕಲಿಲ್ಲ, ಒಂದು ಮೆರವಣಿಗೆಯೂ ಹೊರಡಲಿಲ್ಲ.

ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರನ್ನು ಪರೀಕ್ಷಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ 30 ಮೈಕ್ರೋಗ್ರಾಂ ಮೀರಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ 2004ರಲ್ಲಿ ಇಟ್ಟುಕೊಂಡಿದ್ದ 60ರ ಸಡಿಲ ಮಿತಿಯನ್ನೂ 48 ಹಳ್ಳಿಗಳು ದಾಟಿದ್ದವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಅದು ಸಾವಿರಕ್ಕಿಂತ ಮೇಲಿತ್ತು. ಈ ಬಾರಿ ಪತ್ರಿಕೆಗಳಲ್ಲಿ ಸುದ್ದಿಯೇನೋ ಬಂತು. ಒಂದೆರಡು ವಾರದಲ್ಲಿ ಅದೂ ತಣ್ಣಗಾಯಿತು.

ಬಾರದೇ ಇದ್ದ ಅಣುಕಸಕ್ಕೆ ಇಡೀ ಊರು ಎದ್ದು ನಿಂತಿತು, ಬಿಂದಿಗೆಯಲ್ಲೇ ಇರುವ ಯುರೇನಿಯಂಗೆ ಯಾರೂ ಏಳಲಿಲ್ಲ. ಇದನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಮನುಷ್ಯರ ಭಯಕ್ಕೊಂದು ಲೆಕ್ಕಾಚಾರವಿದೆ. ಅದು ವಿಜ್ಞಾನಿಗಳ ಲೆಕ್ಕಾಚಾರಕ್ಕಿಂತ ಬೇರೆ, ಅಷ್ಟೇ. ಅದನ್ನು ಅರಿಯದೆ ಹೋದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳು ಮುಂದೆ ಬೆಲೆ ತೆರಬೇಕಾಗುತ್ತದೆ ಎಂಬುದು ಈ ಲೇಖನದ ಆತಂಕ.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಅವರ ಜೊತೆಗಾರರು 1970ರ ದಶಕದ ಕೊನೆಯಲ್ಲಿ ಒಂದು ಸರಳ ಕೆಲಸ ಮಾಡಿದರು. ಮೋಟಾರು ವಾಹನ, ಸಿಗರೇಟು, ಶಸ್ತ್ರಚಿಕಿತ್ಸೆ, ಕೀಟನಾಶಕ, ಅಣುವಿದ್ಯುತ್ ಮುಂತಾದ ಮೂವತ್ತು ಅಪಾಯಗಳ ಪಟ್ಟಿ ಕೊಟ್ಟು, ಹೆಚ್ಚು ಅಪಾಯದ್ದರಿಂದ ಕಡಿಮೆಯದರವರೆಗೆ ಸಾಲಾಗಿ ಜೋಡಿಸಲು ಹೇಳಿದರು. ಕಾಲೇಜು ವಿದ್ಯಾರ್ಥಿಗಳು ಅಣುವಿದ್ಯುತ್ತನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಅಪಾಯವನ್ನು ಲೆಕ್ಕ ಹಾಕುವುದೇ ವೃತ್ತಿಯಾಗಿದ್ದವರು ಅದನ್ನು ಇಪ್ಪತ್ತನೆಯ ಜಾಗದಲ್ಲಿ ಇಟ್ಟರು. ಯಾಕಿಷ್ಟು ಅಂತರವೆಂದು ಕೆದಕಿದಾಗ ಗೊತ್ತಾದದ್ದು ಇದು: ಪರಿಣತರು ಸಾವಿನ ಸಂಖ್ಯೆಯನ್ನು ಮಾತ್ರ ನೋಡುತ್ತಿದ್ದರು. ಜನ ನೋಡುತ್ತಿದ್ದುದು ಬೇರೆ ಸಂಗತಿಗಳನ್ನು. ಅಪಾಯವನ್ನು ನಾನಾಗಿ ಆರಿಸಿಕೊಂಡೆನೋ, ಬೇರೆಯವರು ನನ್ನ ಮೇಲೆ ಹೇರಿದರೋ? ಅದು ನನ್ನ ಹಿಡಿತದಲ್ಲಿದೆಯೇ? ಒಮ್ಮೆಗೇ ನೂರಾರು ಜನರನ್ನು ಕೊಲ್ಲಬಲ್ಲದೇ? ಮಕ್ಕಳು ಮೊಮ್ಮಕ್ಕಳಿಗೂ ತಗಲುತ್ತದೆಯೇ? ಕಣ್ಣಿಗೆ ಕಾಣುತ್ತದೆಯೇ?

ಕೆಜಿಎಫ್‌ಗೆ ತ್ಯಾಜ್ಯ ತರುತ್ತಾರೆಂಬ ಸುದ್ದಿ ಈ ಎಲ್ಲ ಪ್ರಶ್ನೆಗಳಿಗೂ ಕೆಟ್ಟ ಉತ್ತರವನ್ನೇ ಕೊಡುತ್ತಿತ್ತು. ಯಾರದೋ ಕರೆಂಟಿನ ಕಸವನ್ನು, ನಮ್ಮನ್ನು ಕೇಳದೆ, ದೆಹಲಿಯವರು ನಮ್ಮ ಮೇಲೆ ಹೊರಿಸುತ್ತಾರೆ ಎಂಬುದು ಯಾರಿಗಾದರೂ ರೊಚ್ಚೆಬ್ಬಿಸುವ ಮಾತು. ಕೊಳವೆಬಾವಿಯ ಯುರೇನಿಯಂ ಹಾಗಲ್ಲ. ಅದನ್ನು ಯಾರೂ ತಂದು ಸುರಿದಿಲ್ಲ. ಈ ನೆಲದ ಗ್ರಾನೈಟ್ ಬಂಡೆಯಲ್ಲಿ ಅದು ಕೋಟ್ಯಂತರ ವರ್ಷದಿಂದ ಇದೆ, ಬೈಕಾರ್ಬೊನೇಟ್ ಹೆಚ್ಚಿರುವ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಬೋರು ಕೊರೆಸಿದವರು ನಾವೇ, ಅಥವಾ ನಮಗಾಗಿ ಪಂಚಾಯಿತಿಯವರು. ಬೈಯಲು ಒಬ್ಬ ಖಳನಿಲ್ಲ. ಬೈಯಲು ಯಾರೂ ಸಿಗದ ಕಡೆ ಭಯವೂ ನೆಲೆ ನಿಲ್ಲುವುದಿಲ್ಲ.

ಇದು ಕೋಲಾರದವರ ವಿಚಿತ್ರವೇನೂ ಅಲ್ಲ. 1986ರಲ್ಲಿ ಅಮೆರಿಕದ ನ್ಯೂಜರ್ಸಿ ಸರ್ಕಾರ, ರೇಡಿಯಂ ಬೆರೆತಿದ್ದ ಒಂದಷ್ಟು ಮಣ್ಣನ್ನು ವರ್ನನ್ ಎಂಬ ಊರಿನ ಹಳೆಯ ಕಲ್ಲುಕ್ವಾರಿಗೆ ಸಾಗಿಸಲು ಹೊರಟಿತು. ಸಾವಿರಾರು ಜನ ತಡೆದು ನಿಂತರು, ಸರ್ಕಾರ ಹಿಂದೆ ಸರಿಯಿತು. ಅದೇ ಸೀಮೆಯ ಮನೆಗಳ ನೆಲದಡಿಯಿಂದ ರೇಡಾನ್ ಎಂಬ ವಿಕಿರಣ ಅನಿಲ ತಾನಾಗಿಯೇ ಹೊಮ್ಮುತ್ತಿತ್ತು, ಅಪಾಯದ ತೂಕ ನೋಡಿದರೆ ಅದೇ ದೊಡ್ಡದು. ಅದನ್ನು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಧಿಕಾರಿಗಳು ಎಷ್ಟು ಹೇಳಿದರೂ ಬಹುಪಾಲು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ರೇಡಾನ್ ಆ ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಜನರನ್ನು ಶ್ವಾಸಕೋಶದ ಕ್ಯಾನ್ಸರಿನಿಂದ ಕೊಲ್ಲುತ್ತದೆ. ನೀಲ್ ವೈನ್‌ಸ್ಟೈನ್ ಎಂಬ ಮನಶ್ಶಾಸ್ತ್ರಜ್ಞ ಆ ಜನರನ್ನು ಮಾತಾಡಿಸಿದಾಗ ಪಕ್ಕದ ಮನೆಯಲ್ಲಿ ರೇಡಾನ್ ಇರಬಹುದು, ನಮ್ಮಲ್ಲಿ ಇರಲಾರದು ಎಂಬ ನಂಬಿಕೆಯೇ ಹೆಚ್ಚು ಕಂಡಿತು. ಅಪಾಯ ಸಂವಹನದ ತಜ್ಞ ಪೀಟರ್ ಸ್ಯಾಂಡ್‌ಮನ್ ಇಂಥ ಅನುಭವಗಳಿಂದ ಒಂದು ಸೂತ್ರ ಮಾಡಿದರು: ಜನರ ಪಾಲಿಗೆ ಅಪಾಯವೆಂದರೆ ಹಾನಿ ಮತ್ತು ಆಕ್ರೋಶ ಎರಡೂ ಕೂಡಿದ್ದು. ಆಕ್ರೋಶವಿಲ್ಲದ ಹಾನಿ ಎಷ್ಟೇ ದೊಡ್ಡದಾದರೂ ಜನರ ಅರಿವಿಗೆ ಬರುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಫ್ಲೋರೈಡ್ ಹಳೆಯ ಪರಿಚಯ. ಅದು ಹಲ್ಲಿನ ಮೇಲೆ ಕಂದು ಕಲೆಯಾಗಿ ಕೂರುತ್ತದೆ, ವಯಸ್ಸಾದವರ ಮೊಣಕಾಲನ್ನು ಬಗ್ಗಿಸುತ್ತದೆ. ಕಣ್ಣಿಗೆ ಕಂಡಿದ್ದರಿಂದಲೇ ಅದಕ್ಕೆ ಹೋರಾಟ ನಡೆಯಿತು, ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಯುರೇನಿಯಂಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ, ಹಲ್ಲಿನ ಮೇಲೆ ಗುರುತು ಬಿಡುವುದಿಲ್ಲ. ನೀರಿನಲ್ಲಿ ಬಂದ ಯುರೇನಿಯಂನ ಹೆಚ್ಚು ಪಾಲು ಕರುಳಿನಿಂದಲೇ ಹೊರಟುಹೋಗುತ್ತದೆ. ರಕ್ತಕ್ಕೆ ಸೇರುವ ಅಲ್ಪ ಭಾಗವನ್ನು ಮೂತ್ರಪಿಂಡ ಸೋಸಿ ಹೊರಹಾಕಬೇಕು, ಆ ಸೋಸುವ ಕೆಲಸದಲ್ಲೇ ಮೂತ್ರಪಿಂಡದ ಸಣ್ಣ ನಾಳಗಳಿಗೆ ಏಟು ಬೀಳುತ್ತದೆ. ಇಲ್ಲಿ ಹೆದರಬೇಕಾದ್ದು ವಿಕಿರಣಕ್ಕಿಂತ ಹೆಚ್ಚಾಗಿ ಅದರ ರಾಸಾಯನಿಕ ವಿಷಗುಣಕ್ಕೆ. ಸೀಸ, ಕ್ಯಾಡ್ಮಿಯಂಗಳಂತೆ ಇದೂ ಒಂದು ಭಾರಲೋಹ. ಫಿನ್ಲೆಂಡಿನಲ್ಲಿ ಕೊಳವೆಬಾವಿಯ ನೀರು ಕುಡಿಯುವ 325 ಜನರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯುರೇನಿಯಂ ಹೆಚ್ಚಿದಂತೆ ಈ ನಾಳಗಳ ಕೆಲಸದಲ್ಲಿ ಸಣ್ಣ ಏರುಪೇರುಗಳು ಕಂಡವು. ಮೂತ್ರಪಿಂಡ ಕೆಟ್ಟುಹೋದದ್ದು ಕಾಣಲಿಲ್ಲ. ಸಮಾಧಾನದ ಮಾತೇ. ಆದರೆ ಆ ಜನರ ನೀರಿನಲ್ಲಿ ಯುರೇನಿಯಂನ ಮಧ್ಯಮ ಮಟ್ಟ ಲೀಟರ್‌ಗೆ 28 ಮೈಕ್ರೋಗ್ರಾಂ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ಕಡೆ ನೂರಾರು, ಸಾವಿರ ಕಂಡಿದೆ. ಮೇಲಾಗಿ ನಮ್ಮ ರೈತ, ಕೂಲಿಕಾರ ಬಿಸಿಲಲ್ಲಿ ದುಡಿದು ದಿನಕ್ಕೆ ಕುಡಿಯುವ ನೀರು ಚಳಿದೇಶದವರು ಕುಡಿಯುವುದಕ್ಕಿಂತ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದ ಮೊದಲೇ ಸೋತಿರುವ ಮೂತ್ರಪಿಂಡಗಳು ಈಗ ಹಳ್ಳಿಯಲ್ಲೂ ಕಡಿಮೆಯಿಲ್ಲ. ಅಂಥ ಮೂತ್ರಪಿಂಡದ ಮೇಲೆ ಇನ್ನೊಂದು ಹೊರೆ ಬಿದ್ದಾಗ, ಇಂಥದ್ದರಿಂದಲೇ ಕೆಟ್ಟಿತು ಎಂದು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ.

ಹಾನಿ ಬೆಳೆಯುವ ದಾರಿಯೂ ನಮ್ಮ ಕಣ್ಣೆದುರಿಗೇ ಇದೆ. ಕೋಲಾರ ಜಿಲ್ಲೆಯಲ್ಲಿ ಹರಿಯುವ ನದಿಯೆಂದು ಹೇಳಿಕೊಳ್ಳಲು ಇಲ್ಲ, ಇರುವುದು ಕೆರೆ ಮತ್ತು ಬೋರು. ಜಿಲ್ಲೆಯ ತಾಲ್ಲೂಕುಗಳೆಲ್ಲ ಅಂತರ್ಜಲವನ್ನು ಅತಿಯಾಗಿ ಬಳಸಿದವು ಎಂದು ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದೆ. ಸಾವಿರ ಅಡಿ ದಾಟಿದರೂ ನೀರು ಸಿಗದೆ ಧೂಳು ಹಾರುವ ಬೋರುಗಳು ಈಗ ಯಾರಿಗೂ ಸುದ್ದಿಯಲ್ಲ. ನೀರಿನ ಮಟ್ಟ ಇಳಿದಾಗ ಬಂಡೆಯ ಬಿರುಕುಗಳಿಗೆ ಗಾಳಿ ಹೋಗುತ್ತದೆ, ಆಮ್ಲಜನಕ ತಗುಲಿದ ಯುರೇನಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ದೇಶದ ಅಂತರ್ಜಲದ ಯುರೇನಿಯಂ ಬಗ್ಗೆ ಡ್ಯೂಕ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಮೂಲ ಬಂಡೆಯೇ ಎಂದು ಒಪ್ಪಿಕೊಂಡು, ಅಂತರ್ಜಲ ಕುಸಿತ ಅದನ್ನು ಹೆಚ್ಚಿಸುತ್ತಿರಬಹುದೆಂದೂ ಎಚ್ಚರಿಸಿತು. ಹಾಗಿದ್ದರೆ ಇದನ್ನು ಪ್ರಕೃತಿಯ ಕೊಡುಗೆಯೆಂದು ಕೈಬಿಡುವಂತಿಲ್ಲ. ಇದರಲ್ಲಿ ನಮ್ಮ ಪಂಪಿನ ಪಾಲೂ ಇದೆ.

ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಬೆಳಗ್ಗೆ ನಿಂತು ನೋಡಿದರೆ ಮನಸ್ಸು ಈ ಅಪಾಯವನ್ನು ಹೇಗೆ ಹಂಚಿಕೊಂಡಿದೆ ಎಂಬುದು ಕಾಣುತ್ತದೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು, ಡಬ್ಬಿಯಲ್ಲಿ ನಾಣ್ಯ ಬಿದ್ದ ಕೂಡಲೇ ಇಪ್ಪತ್ತು ಲೀಟರ್ ಫಿಲ್ಟರ್ ನೀರು. ಅದು ಕುಡಿಯಲು ಮಾತ್ರ. ಮುದ್ದೆಗೆ ಎಸರಿಡಲು, ಬೇಳೆ ಬೇಯಿಸಲು ಬರುವುದು ನಲ್ಲಿಯ ನೀರು. ಆ ನಲ್ಲಿಗೆ ನೀರುಗಂಟಿ ಬಿಡುವುದು ಹೆಚ್ಚಿನ ಕಡೆ ಬೋರಿನದನ್ನೇ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಮನೆಮನೆಯ ನಂಬಿಕೆ. ಕ್ರಿಮಿಗಳ ವಿಷಯದಲ್ಲಿ ಅದು ನಿಜ. ಯುರೇನಿಯಂ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಘಟಕದ ಹಿಂಬದಿಯ ಪೈಪಿನಿಂದ ಬೀಳುವ ತಿರಸ್ಕೃತ ನೀರನ್ನೂ ನೋಡಬೇಕು. ಫಿಲ್ಟರ್ ಹಿಡಿದಿಟ್ಟ ಉಪ್ಪು, ಫ್ಲೋರೈಡ್, ಯುರೇನಿಯಂ ಎಲ್ಲ ಅದರಲ್ಲಿ ಮೂಲ ನೀರಿಗಿಂತ ದಟ್ಟವಾಗಿರುತ್ತವೆ. ನಾನು ಕಂಡ ಒಂದು ಕಡೆ ಅದು ನೇರ ದನದ ತೊಟ್ಟಿಗೆ ಹೋಗುತ್ತಿತ್ತು. ಹಸುವೇ ಮನೆಯ ಸಂಬಳವಾಗಿರುವ ಜಿಲ್ಲೆಯಿದು.

ಮನೆಗೆ ನಲ್ಲಿ ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ಬೋರಿನ ಬಳಿ ಹೋಗಿ ಹೊತ್ತು ತರುವಾಗ ಇದು ಎಲ್ಲಿಯ ನೀರು ಎಂಬುದು ಗೊತ್ತಿರುತ್ತಿತ್ತು. ಸರ್ಕಾರದ ನಲ್ಲಿಯಲ್ಲಿ ಬಂದಾಗ ಯಾರೋ ನೋಡಿಯೇ ಬಿಟ್ಟಿರುತ್ತಾರೆ ಎಂದು ಮನಸ್ಸು ನಿರಾಳವಾಗುತ್ತದೆ. ಹಳ್ಳಿಗಳಲ್ಲಿ ನೀರು ಪರೀಕ್ಷಿಸಲು ಕೊಟ್ಟಿರುವ ಕಿಟ್ಟುಗಳು ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳನ್ನು ತೋರಿಸುತ್ತವೆ. ಯುರೇನಿಯಂ ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಕಿಟ್ಟಿನಲ್ಲಿ ಎಲ್ಲ ಸರಿಯೆಂದು ಬಂದ ನೀರನ್ನು ಜನ ಎಲ್ಲ ರೀತಿಯಲ್ಲೂ ಸರಿಯೆಂದೇ ತಿಳಿಯುತ್ತಾರೆ, ತಿಳಿಯುವುದು ಸಹಜವೂ ಹೌದು.

ಹಾಗಾದರೆ ಜನರನ್ನು ಹೆದರಿಸಿಬಿಡೋಣವೇ? ಅದೂ ಅಪಾಯವೇ. 1987ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಗೋಯಾನಿಯಾ ನಗರದಲ್ಲಿ, ಬಿಟ್ಟುಹೋದ ಕ್ಯಾನ್ಸರ್ ಚಿಕಿತ್ಸಾ ಯಂತ್ರವನ್ನು ಗುಜರಿಗೆಂದು ಒಡೆದವರ ಕೈಗೆ ಸೀಸಿಯಂ ಪುಡಿ ಸಿಕ್ಕಿತು. ನಾಲ್ವರು ಸತ್ತರು, 249 ಜನರಿಗೆ ವಿಕಿರಣ ವಸ್ತು ಅಂಟಿತ್ತು. ತಪಾಸಣೆಗೆ ಬಂದು ಸಾಲುಗಟ್ಟಿದವರು ಸುಮಾರು 1,12,000 ಮಂದಿ. ಆ ಪ್ರಾಂತ್ಯದ ಬೆಳೆಗಳನ್ನು ಹೊರಗಿನವರು ಕೊಳ್ಳಲು ಹಿಂಜರಿದರು, ಬೆಲೆ ಬಿದ್ದಿತು. ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವು, ಮಾಲೂರಿನ ಹೂ ತರಕಾರಿ, ಜಿಲ್ಲೆಯ ಹಾಲು ಇವುಗಳ ಮೇಲೆ ಯುರೇನಿಯಂ ಎಂಬ ಒಂದು ಪದ ಅಂಟಿಕೊಂಡರೆ ಏನಾಗಬಹುದೆಂದು ನನಗೂ ದಿಗಿಲಿದೆ. ಅಧಿಕಾರಿಗಳು ಇಂಥ ಅಂಕಿಗಳನ್ನು ಗಟ್ಟಿಯಾಗಿ ಹೇಳದಿರುವುದಕ್ಕೆ ಈ ದಿಗಿಲೂ ಒಂದು ಕಾರಣವಿರಬೇಕು. ಆದರೆ ಮುಚ್ಚಿಟ್ಟ ಅಂಕಿ ಒಂದು ದಿನ ಸಿಡಿದಾಗ ಆಗುವ ಗಾಬರಿ, ಮೊದಲೇ ಹೇಳಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡದು. ಆಗ ನೀರಿನ ಜೊತೆಗೆ ಹೇಳುವವರ ಮೇಲಿನ ನಂಬಿಕೆಯೂ ಕೆಟ್ಟಿರುತ್ತದೆ.

ನಂಬಿಕೆಯ ವಿಷಯದಲ್ಲಿ ಕೋಲಾರಕ್ಕೆ ತನ್ನದೇ ಚರಿತ್ರೆಯಿದೆ. 1965ರಲ್ಲಿ ಇದೇ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದರು. ಜಗತ್ತಿನಲ್ಲೇ ಮೊದಲ ಸಾಲಿನ ಕೆಲಸವದು. ದಶಕಗಟ್ಟಲೆ ವಿಜ್ಞಾನಿಗಳು ಗಣಿಗೆ ಇಳಿದು ಹತ್ತಿದರು. ಗಣಿ ನಡೆಯುತ್ತಿದ್ದ, ನಂಬಿಕೆಯೂ ಇದ್ದ ದಿನಗಳವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಕೋಟಿ ಟನ್‌ಗೂ ಮೀರಿದ ಗಣಿತ್ಯಾಜ್ಯದ ಸೈನೈಡ್ ಗುಡ್ಡಗಳು ಹಾಗೆಯೇ ಉಳಿದವು, ಗಾಳಿಕಾಲದಲ್ಲಿ ಅವುಗಳ ಧೂಳು ಇವತ್ತಿಗೂ ಮನೆಯೊಳಗೆ ಬರುತ್ತದೆ. ಒಂದು ಕಸವನ್ನು ಬಿಟ್ಟುಹೋದವರು ಇನ್ನೊಂದು ಕಸವನ್ನು ಜೋಪಾನವಾಗಿ ಇಡುತ್ತೇವೆ ಎಂದರೆ ಯಾರು ನಂಬುತ್ತಾರೆ? 2012ರ ಆಕ್ರೋಶದಲ್ಲಿ ವಿಕಿರಣದ ಭಯ ಎಷ್ಟಿತ್ತೋ ಈ ಅನುಭವದ ನೆನಪೂ ಅಷ್ಟೇ ಇತ್ತು ಎಂದು ನನ್ನ ಎಣಿಕೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಿದಾಗ, ಲಕ್ಷ್ಮಿಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿವಾದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ಇಂದಿಗೂ ಇದೆ. ನೀರು ಬಂದು ಕೆರೆ ತುಂಬಿ ಬೋರುಗಳು ಮರುಜೀವ ಪಡೆದದ್ದೂ ನಿಜ. ಜನರ ಮನಸ್ಸಿನಲ್ಲಿ ಮೊದಲು ನಿಂತದ್ದು ನೊರೆ.

ಸ್ಲೋವಿಕ್ 1993ರಲ್ಲಿ ಬರೆದದ್ದು ಇದನ್ನೇ: ನಂಬಿಕೆ ಹುಟ್ಟುವುದು ನಿಧಾನ, ಒಡೆಯುವುದು ಕ್ಷಣದಲ್ಲಿ, ಕೆಟ್ಟ ಸುದ್ದಿ ಒಳ್ಳೆಯ ಸುದ್ದಿಗಿಂತ ಹೆಚ್ಚು ತೂಗುತ್ತದೆ. ನಮ್ಮ ಕೈಗಾ ಅಣುಸ್ಥಾವರವನ್ನೇ ತೆಗೆದುಕೊಳ್ಳಿ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿದದ್ದು, 2009ರ ನವೆಂಬರ್‌ನಲ್ಲಿ ಕೆಲಸಗಾರರು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಸಿಕ್ಕಿದ್ದು ಓದುವ ಬಹಳ ಜನಕ್ಕೆ ನೆನಪಿದೆ. ಅದೇ ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು?

ಈಗ ದೇಶ ಅಣುವಿದ್ಯುತ್ತಿನ ಕಡೆ ದೊಡ್ಡ ಹೆಜ್ಜೆ ಇಡುತ್ತಿದೆ. 2047ರ ಹೊತ್ತಿಗೆ 100 ಗಿಗಾವಾಟ್ ಎಂಬ ಗುರಿಯನ್ನು 2025ರ ಕೇಂದ್ರ ಬಜೆಟ್ ಘೋಷಿಸಿತು, ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಇಟ್ಟಿತು. ಸ್ಥಾವರಗಳು ಹೆಚ್ಚಿದರೆ ತ್ಯಾಜ್ಯವೂ ಹೆಚ್ಚುತ್ತದೆ, ಆಳವಾದ ಗಟ್ಟಿಬಂಡೆಯ ಹುಡುಕಾಟವೂ ಮತ್ತೆ ಶುರುವಾಗುತ್ತದೆ. ಅಂದು ಯಾವ ಊರಿನ ಹೆಸರು ಬಂದರೂ 2012 ಮರುಕಳಿಸಬಹುದು, ಜನರನ್ನು ಕೇಳುವ ಪದ್ಧತಿ ಅಷ್ಟರಲ್ಲಿ ಬೆಳೆಯದಿದ್ದರೆ. ಫಿನ್ಲೆಂಡಿನ ಯೂರಾಯೊಕಿ ಊರಿಗೆ ತ್ಯಾಜ್ಯದ ಗುಹೆಯನ್ನು ಬೇಡವೆನ್ನುವ ಕಾನೂನಿನ ಅಧಿಕಾರ ಇತ್ತು. 2000ನೇ ಇಸವಿಯಲ್ಲಿ ಅದರ ಪುರಸಭೆ 20ಕ್ಕೆ 7 ಮತಗಳಿಂದ ಒಪ್ಪಿತು. ಸ್ವೀಡನ್ನಿನ ಓಸ್ಟ್‌ಹಾಮ್ಮರ್ 2020ರಲ್ಲಿ 38ಕ್ಕೆ 7ರಿಂದ ಒಪ್ಪಿತು. ಅಲ್ಲಿಯವರು ನಮಗಿಂತ ಧೈರ್ಯಶಾಲಿಗಳೇನಲ್ಲ. ಬೇಡ ಎನ್ನುವ ಹಕ್ಕು ಕೈಯಲ್ಲಿದ್ದಾಗ ಹೇರಿಕೆಯ ಭಯ ಇಳಿಯುತ್ತದೆ, ಆಮೇಲೆ ಬಂಡೆ, ತ್ಯಾಜ್ಯ ತುಂಬುವ ತಾಮ್ರದ ಡಬ್ಬ, ನೀರಿನ ಹರಿವುಗಳ ಬಗ್ಗೆ ಮಾತಾಡಲು ಸಾಧ್ಯವಾಗುತ್ತದೆ.

ಕೋಲಾರದಲ್ಲಿ ಆ ನಂಬಿಕೆ ಶುರುವಾಗಬೇಕಾದ್ದು ನೀರಿನಿಂದ. ಇಲ್ಲಿ ತುರ್ತು ಇರುವುದೂ ನೀರಿನದ್ದೇ. ಯರಗೋಳ್ ಅಣೆಕಟ್ಟೆ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಮಳೆನೀರಿನ ಆಸರೆ ಸಿಕ್ಕಿದೆ. ಮುಳಬಾಗಿಲು, ಶ್ರೀನಿವಾಸಪುರ ಆ ಯೋಜನೆಯ ಹೊರಗಿವೆ. ಎತ್ತಿನಹೊಳೆ ಯೋಜನೆಯ ನೀರು ಬರುವವರೆಗೆ ಅಲ್ಲಿಯವರು ಬೋರನ್ನೇ ನೆಚ್ಚಬೇಕು. ಹಾಗಾಗಿ ಕುಡಿಯುವ ನೀರಿನ ಪ್ರತಿಯೊಂದು ಬೋರಿನ ಯುರೇನಿಯಂ ಅಂಕಿಯನ್ನು ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರವೊಮ್ಮೆ ಅಳೆಯಬೇಕು. ಅಳೆಯುವವರು ನೀರು ಪೂರೈಸುವ ಇಲಾಖೆಯ ಹೊರಗಿನವರಾಗಿರಲಿ. ಅಂಕಿಯನ್ನು ಮೊದಲು ಆ ಊರಿನವರಿಗೇ, ಗ್ರಾಮಸಭೆಯಲ್ಲಿ, ಬದಲಿ ನೀರು ಎಲ್ಲಿಂದ ಎಂಬ ಉತ್ತರದ ಜೊತೆಗೇ ಹೇಳಬೇಕು. ದಾರಿ ತೋರಿಸದ ಎಚ್ಚರಿಕೆಯನ್ನು ಮನಸ್ಸು ಪಕ್ಕಕ್ಕಿಡುತ್ತದೆ, ರೇಡಾನ್ ಕಾಲದಿಂದ ಇದು ಸಾಬೀತಾಗಿರುವ ಸಂಗತಿ. ಮಿತಿ ಯಾಕೆ ಬದಲಾಗುತ್ತ ಬಂತು ಎಂಬುದನ್ನೂ ಬಿಡಿಸಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ 2 ಎಂದಿತು, 2004ರಲ್ಲಿ 15 ಎಂದಿತು, 2011ರಲ್ಲಿ 30 ಎಂದಿತು. ನಮ್ಮಲ್ಲಿ 60 ಇತ್ತು, ಈಗ ಭಾರತೀಯ ಮಾನಕ ಬ್ಯೂರೋ ಕೂಡ 30ಕ್ಕೆ ಬಂದಿದೆ. ಪುರಾವೆ ಹೆಚ್ಚಿದಂತೆ ಅಂಕಿ ಬದಲಾದದ್ದನ್ನು ಹೇಳದೆ ಹೋದರೆ, ಯಾರೋ ತಮಗೆ ಬೇಕಾದಂತೆ ಬರೆದುಕೊಂಡಿದ್ದಾರೆ ಎಂಬ ಗುಮಾನಿ ಉಳಿಯುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಇಷ್ಟು. ಘಟಕದ ಆರ್‌ಒ ಫಿಲ್ಟರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಯುರೇನಿಯಂನ ಬಹುಪಾಲನ್ನು ತೆಗೆಯುತ್ತದೆ, ಅದರ ಒಳಪದರವನ್ನು ಯಾವಾಗ ಬದಲಿಸಿದರೆಂದು ಪಂಚಾಯಿತಿಯವರನ್ನು ಕೇಳಿ ಬರೆಸಿ ಹಾಕಿಸಿ. ಆ ನೀರನ್ನು ಅಡುಗೆಗೂ ಬಳಸಿ, ಮೊದಲು ಎಳೆಯ ಮಕ್ಕಳಿಗೆ, ಬಸುರಿಯರಿಗೆ, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ. ಘಟಕದ ತಿರಸ್ಕೃತ ನೀರನ್ನು ದನಕ್ಕೆ ಕುಡಿಸಬೇಡಿ. ತಾರಸಿಯ ಮಳೆನೀರಿನಲ್ಲಿ ಬಂಡೆಯ ಯುರೇನಿಯಂ ಇರುವುದಿಲ್ಲ. ಮೊದಲ ಮಳೆಯ ಕೊಳೆ ಹೋಗಲು ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕಾಯಿಸಿ ಕುಡಿಯಬಹುದು, ಮುದ್ದೆಯ ಎಸರಿಗೂ ಆಗುತ್ತದೆ.